ಉಡದ ಹೆಸರಿನೊಳಗೆ ಒಂದು ಅರಬಿ ಪದ

ಉಡವನ್ನು ನಮ್ಮ ಕಡೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆ ತೋಟದ ತೋಡಿನ ಬದಿಯಲ್ಲಿ, ಮುರಕಲ್ಲಿನ ಪಾಗಾರದ ಸಂದಿಯಲ್ಲಿ, ಕೆಲವೊಮ್ಮೆ ಕೋಳಿಗೂಡಿನ ಹಿಂದೆ ಮೊಟ್ಟೆಯ ಆಸೆಗೆ ಬಂದು ಕೂತದ್ದನ್ನು ಎಲ್ಲರೂ ನೋಡಿದ್ದೇವೆ. ಕನ್ನಡದಲ್ಲಿ ಉಡ, ಮಲಯಾಳಂ ತಮಿಳಿನಲ್ಲಿ ಉಡುಂಬು, ತೆಲುಗಿನಲ್ಲಿ ಉಡುಮು. ಹಿಡಿದದ್ದು ಬಿಡದವನಿಗೆ ಉಡದ ಪಟ್ಟು ಎನ್ನುತ್ತೇವೆ. ಮರಾಠಿಯವರ ಘೋರ್ಪಡ್ ಕೂಡ ಇದೇ. ತಾನಾಜಿ 1670ರಲ್ಲಿ ಸಿಂಹಗಡ ಹತ್ತಿದಾಗ ಉಡಕ್ಕೆ ಹಗ್ಗ ಕಟ್ಟಿ ಗೋಡೆಗೆ ಬಿಟ್ಟರು ಎಂಬ ದಂತಕಥೆಯನ್ನು ಶಾಲೆಯಲ್ಲಿ ಕೇಳದವರು ಕಡಿಮೆ.

ಇಷ್ಟು ಪರಿಚಯದ ಪ್ರಾಣಿಯ ಶಾಸ್ತ್ರೀಯ ಹೆಸರು ವರಾನಸ್ ಬೆಂಗಾಲೆನ್ಸಿಸ್. ಬೆಂಗಾಲೆನ್ಸಿಸ್ ಎಂದರೆ ಬಂಗಾಳದ್ದು, ಅದು ಸುಲಭ. ಆದರೆ ವರಾನಸ್ ಎಂಬುದು ಲ್ಯಾಟಿನ್ ಅಲ್ಲ, ಗ್ರೀಕೂ ಅಲ್ಲ. ಮದ್ರಸದಲ್ಲಿ ಅಕ್ಷರ ಕಲಿತ ಯಾರಾದರೂ ಬಿಡಿಸಿ ಓದಬಹುದಾದ ಪದ ಅದು: ವಾವ್, ರಾ, ಲಾಮ್. ವರಲ್. ಅರಬಿಯಲ್ಲಿ ಉಡಕ್ಕೆ ಇರುವ ಹೆಸರು. ಕೆಲವು ಕಡೆ ಕೊನೆಯ ಲಾಮ್ ನೂನ್ ಆಗಿ ವರನ್ ಎಂದೂ ಹೇಳುತ್ತಾರೆ. ಯುರೋಪಿನವರ ಕಿವಿಗೆ ಬಿದ್ದದ್ದು ಈ ಎರಡನೆಯ ಉಚ್ಚಾರ.

ಈ ಪದ ಅಲ್ಲಿಗೆ ಹೇಗೆ ಹೋಯಿತು ಎಂದು ನೋಡಲು ಹೊರಟವನಿಗೆ ನನಗೆ ಸಿಕ್ಕಿದ್ದು ತಪ್ಪು ಓದುಗಳ ಒಂದು ಉದ್ದದ ಸರಪಳಿ. ಅದರ ಕೊನೆಯ ಕೊಂಡಿ ನಮ್ಮ ಊರಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಕೊಂಡಿ ಬ್ರೆಜಿಲ್‌ನಲ್ಲಿ. ಡಚ್ಚರು ಅಲ್ಲಿ ಆಳುತ್ತಿದ್ದಾಗ ಗಿಯೋರ್ಗ್ ಮಾರ್ಕ್‌ಗ್ರಾಫ್ ಎಂಬ ಜರ್ಮನ್ ವಿದ್ವಾಂಸ ಅಲ್ಲಿನ ಗಿಡ, ಮೀನು, ಪ್ರಾಣಿಗಳ ವಿವರ ಬರೆದಿಟ್ಟ. ಅವನ ಬರಹ 1648ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಒಂದು ದೊಡ್ಡ ಹಲ್ಲಿಯ ಬಗ್ಗೆ ಹೇಳುತ್ತಾ ಇದಕ್ಕೆ ತೇಯುಗುವಾಸು ಎನ್ನುತ್ತಾರೆ, ತೂಪಿನಂಬಾ ಜನರಲ್ಲಿ ತೇಮಾಪಾರ ಎಂಬ ಹೆಸರಿದೆ ಎಂದು ಲ್ಯಾಟಿನ್‌ನಲ್ಲಿ ಬರೆದ. ತೂಪಿನಂಬಾ ಎಂಬುದು ಅಲ್ಲಿನ ಒಂದು ಜನಾಂಗ. ಲ್ಯಾಟಿನ್ ವಿಭಕ್ತಿ ಸೇರಿದಾಗ ಅದು ತೂಪಿನಾಂಬಿಸ್ ಆಗುತ್ತದೆ, ಅಂದರೆ ತೂಪಿನಂಬಾದವರಲ್ಲಿ ಎಂದು.

ಸುಮಾರು ನೂರು ವರ್ಷದ ನಂತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಲ್ಬರ್ಟಸ್ ಸೇಬಾ ಎಂಬ ಔಷಧಿ ಅಂಗಡಿಯವನಿದ್ದ. ಅಂಗಡಿಯವನ ಮಗನಾದ ನನಗೆ ಈ ಮನುಷ್ಯನ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಬಂದರಿಗೆ ಹಡಗು ಬಂದಾಗ ನಾವಿಕರಿಗೆ ಔಷಧಿ ಮಾರುತ್ತಿದ್ದ, ಅವರು ದೂರದೇಶದಿಂದ ತಂದ ಹಾವು, ಹಲ್ಲಿ, ಚಿಪ್ಪುಗಳನ್ನು ಕೊಂಡುಕೊಳ್ಳುತ್ತಿದ್ದ. ಹಾಗೆ ಕೂಡಿಸಿದ ಮೊದಲ ಸಂಗ್ರಹವನ್ನು ರಷ್ಯಾದ ದೊರೆ ಪೀಟರನಿಗೆ ಮಾರಿದ. ಮತ್ತೆ ಶುರುಮಾಡಿ ಎರಡನೆಯದನ್ನು ಕಟ್ಟಿದ. ಅದರ ಚಿತ್ರಗಳ ನಾಲ್ಕು ಭಾರೀ ಸಂಪುಟಗಳು 1734ರಿಂದ ಅಚ್ಚಾಗತೊಡಗಿದವು. ಅವನು ಸತ್ತು ಎಷ್ಟೋ ವರ್ಷವಾದ ಮೇಲೆ, 1765ರಲ್ಲಿ, ಕೊನೆಯದು ಬಂತು. ಚಿತ್ರಗಳೇನೋ ಚಂದ. ಆದರೆ ಮಾರ್ಕ್‌ಗ್ರಾಫ್‌ನ ವಾಕ್ಯವನ್ನು ಓದುವಾಗ ಸೇಬಾ ಜನಾಂಗದ ಹೆಸರನ್ನು ಪ್ರಾಣಿಯ ಹೆಸರೆಂದು ಹಿಡಿದ. ತೂಪಿನಾಂಬಿಸ್ ಎಂದರೆ ದೊಡ್ಡ ಹಲ್ಲಿ ಎಂದಾಯಿತು. ಯಾರೋ ಹೊರಗಿನವ ಬಂದು "ಬ್ಯಾರಿಗಳು ಇದಕ್ಕೆ ಹೀಗೆ ಹೇಳುತ್ತಾರೆ" ಎಂದು ಬರೆದ ವಾಕ್ಯದಿಂದ ಇನ್ನೊಬ್ಬ "ಬ್ಯಾರಿಗಳು" ಎಂಬ ಪದವನ್ನೇ ಎತ್ತಿ ಒಂದು ಹಲ್ಲಿಗೆ ಇಟ್ಟರೆ ಹೇಗಿರುತ್ತದೋ ಹಾಗೆ.

ಪ್ಯಾರಿಸಿನ ಫ್ರಾನ್ಸ್ವಾ ದೋದೆಂ ಈ ಹೆಸರನ್ನು ಕುಲದ ಹೆಸರಾಗಿ ಗಟ್ಟಿಮಾಡಿದ. ಚಿಕ್ಕಂದಿನ ಕಾಯಿಲೆಯಿಂದ ಕಾಲು ಬಲವಿಲ್ಲದವನು. ಅವನು ಬರೆಯುತ್ತಿದ್ದ, ಹೆಂಡತಿ ಅದೆಲ್ ಚಿತ್ರ ಬಿಡಿಸುತ್ತಿದ್ದಳು. ಸರೀಸೃಪಗಳ ಬಗ್ಗೆ ಇಬ್ಬರೂ ಸೇರಿ ತಂದ ಸಂಪುಟಗಳು 1802-03ರಲ್ಲಿ ಬಂದವು. ಅದರಲ್ಲೇ ಬಂಗಾಳದಿಂದ ಬಂದ ಉಡಕ್ಕೆ ತೂಪಿನಾಂಬಿಸ್ ಬೆಂಗಾಲೆನ್ಸಿಸ್ ಎಂದು ಹೆಸರಾಯಿತು. ಬಂಗಾಳದ ಪ್ರಾಣಿ, ಬ್ರೆಜಿಲ್ ಜನಾಂಗದ ಹೆಸರು. ಗಂಡ ಹೆಂಡತಿ ಇಬ್ಬರೂ 1803ರಲ್ಲೇ ತೀರಿಕೊಂಡರು, ಇಬ್ಬರಿಗೂ ದೊಡ್ಡ ವಯಸ್ಸೇನಲ್ಲ. ಬೆಂಗಾಲೆನ್ಸಿಸ್ ಎಂಬ ಆ ಎರಡನೆಯ ಭಾಗ ಮಾತ್ರ ಇಂದಿಗೂ ಉಳಿದಿದೆ. ಸೇಬಾನ ತಪ್ಪನ್ನು ಎತ್ತಿ ತೋರಿಸಿದವನು ಕುವಿಯೇ. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಕಲು ಮಾಡಿದರು ಎಂಬುದು ಅವನ ದೂರು. ತೂಪಿನಾಂಬಿಸ್ ಎಂಬ ಹೆಸರು ಈಗ ದಕ್ಷಿಣ ಅಮೆರಿಕದ ತೇಗು ಹಲ್ಲಿಗಳಿಗಷ್ಟೇ ಇದೆ.

ಇನ್ನೊಂದು ಸರಪಳಿ ಲಿನ್ನೇಯಸ್‌ನಿಂದ ಹೊರಡುತ್ತದೆ. ಪ್ರತಿ ಜೀವಿಗೂ ಎರಡು ಪದದ ಹೆಸರು ಎಂಬ ಪದ್ಧತಿಯನ್ನು ಪ್ರಾಣಿಗಳಿಗೆ ನೆಲೆಗೊಳಿಸಿದ ಅವನ ಪುಸ್ತಕದ ಹತ್ತನೆಯ ಆವೃತ್ತಿ 1758ರದ್ದು. ಅದರಲ್ಲಿ ಮೊಸಳೆಯಿಂದ ಹಿಡಿದು ಗೋಡೆಯ ಹಲ್ಲಿಯವರೆಗೆ ಬಹುತೇಕ ಎಲ್ಲವೂ ಲಾಸರ್ಟಾ ಎಂಬ ಒಂದೇ ಕುಲ. ಉಡದ ಜಾತಿಯದ್ದು ಲಾಸರ್ಟಾ ಮಾನಿಟರ್. ಮಾನಿಟರ್ ಎಂದರೆ ಎಚ್ಚರಿಸುವವನು. ತರಗತಿಯ ಮಾನಿಟರ್ ಅಂದರೂ ಅದೇ ಪದ. ಉಡ ಯಾರನ್ನು ಎಚ್ಚರಿಸುತ್ತದೆ? ಮೊಸಳೆ ಹತ್ತಿರ ಬಂದರೆ ಸಿಳ್ಳೆ ಹಾಕಿ ಮನುಷ್ಯರಿಗೆ ಸೂಚನೆ ಕೊಡುತ್ತದೆ ಎಂಬ ಕಥೆ ಆಗ ಚಾಲ್ತಿಯಲ್ಲಿತ್ತು. ಫ್ರೆಂಚರು ಅದಕ್ಕೆ ಕಾವಲುಗಾರ ಎಂಬ ಅರ್ಥದ ಹೆಸರಿಟ್ಟಿದ್ದರು. 1768ರಲ್ಲಿ ಲಾರೆಂಟಿ ಎಂಬವನು ಸೇಬಾನ ಪುಸ್ತಕದ ಒಂದು ಚಿತ್ರವನ್ನು ನೋಡಿ ನೀರುಡಕ್ಕೆ ಸಾಲ್ವೇಟರ್ ಎಂದ, ಅಂದರೆ ರಕ್ಷಕ. ಈ ಎಲ್ಲ ಕಥೆಯ ಬುಡದಲ್ಲಿ ಇರುವುದೂ ನಮ್ಮ ವರನ್ ಪದವೇ ಎಂದು ವಿವರಿಸುವವರಿದ್ದಾರೆ. ಜರ್ಮನ್‌ನಲ್ಲಿ ಉಡಕ್ಕೆ ವರಾನ್, ಎಚ್ಚರಿಸುವುದಕ್ಕೆ ವಾರ್ನೆನ್. ಎರಡೂ ಒಂದೇ ಮೂಲದ್ದೆಂದು ಎಣಿಸಿ ಯಾರೋ ಲ್ಯಾಟಿನ್‌ಗೆ ತಿರುಗಿಸಿದಾಗ ಮಾನಿಟರ್ ಹುಟ್ಟಿತು ಎಂಬುದು ಆ ವಿವರಣೆ. ನನಗೆ ಸಿಳ್ಳೆಯ ಕಥೆಗಿಂತ ಇದು ನಂಬುವ ಹಾಗೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಇವತ್ತೂ ಉಡ ಮಾನಿಟರ್ ಲಿಝರ್ಡ್ ಆಗಿಯೇ ಇದೆ.

ಅರಬಿ ಪದ ಸರಿಯಾದ ದಾರಿಯಲ್ಲಿ ಬಂದದ್ದು ಈಜಿಪ್ಟಿನಿಂದ. ನೆಪೋಲಿಯನ್ 1798ರಲ್ಲಿ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನ್ಯದ ಜೊತೆ ವಿದ್ವಾಂಸರನ್ನೂ ಕರೆದುಕೊಂಡು ಹೋಗಿದ್ದ. ಅವರಲ್ಲಿ ಪ್ರಾಣಿಶಾಸ್ತ್ರದ ಜೋಫ್ರುವಾ ಸೇಂಟ್ ಹಿಲೇರ್ ಒಬ್ಬ. ಅಲ್ಲಿನ ಜನ ಎರಡು ಬಗೆಯ ವರನ್ ಇದೆ ಎಂದು ತೋರಿಸಿಕೊಟ್ಟರು. ಒಂದು ವರನ್ ಅಲ್-ಬಹ್ರ್, ನೀರಿನದು. ಇನ್ನೊಂದು ವರನ್ ಅಲ್-ಅರ್ದ್, ನೆಲದ್ದು. ಬಹ್ರ್ ಎಂದರೆ ಕಡಲು ಎಂದು ನಾವು ಕಲಿತಿದ್ದೇವೆ, ಈಜಿಪ್ಟಿನವರಿಗೆ ನೈಲ್ ನದಿಯೂ ಬಹ್ರ್. ಇಂದಿನ ವಿಜ್ಞಾನದಲ್ಲಿ ಇವು ಎರಡು ಬೇರೆ ಪ್ರಭೇದ. ನದಿಯದ್ದು ವರಾನಸ್ ನೈಲೋಟಿಕಸ್, ಮರಳುಗಾಡಿನದ್ದು ವರಾನಸ್ ಗ್ರಿಸಿಯಸ್. ಯುರೋಪಿನಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ತಪ್ಪು ನಕಲಾಗುತ್ತಿದ್ದಾಗ ನೈಲ್ ದಂಡೆಯ ಜನ ನೋಡಿ ಮಾಡಿದ ವಿಂಗಡಣೆ ಸರಿಯಾಗಿಯೇ ಇತ್ತು. ನೆಲದ ವರನ್ ಬಹಳ ಹಿಂದೆಯೇ ಪುಸ್ತಕಕ್ಕೆ ಬಂದಿತ್ತು. ಗ್ರೀಕರ ಹೆರೊಡೊಟಸ್ ಲಿಬಿಯಾದ ಮರಳಿನಲ್ಲಿ ಮೂರು ಮೊಳದ ನೆಲಮೊಸಳೆ ಇದೆ ಎಂದದ್ದು ಇದನ್ನೇ ಎಂದು ಕುವಿಯೇ ಗುರುತಿಸಿದ.

1820ರಲ್ಲಿ ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬ್ಲಾಸಿಯಸ್ ಮೆರೆಮ್ ಒಂದು ಪುಸ್ತಕ ತಂದ. ಕಪ್ಪೆ, ಹಾವು, ಹಲ್ಲಿ, ಆಮೆ ಎಲ್ಲವನ್ನೂ ಹೊಸದಾಗಿ ವಿಂಗಡಿಸುವ ಪ್ರಯತ್ನ. ಉಡಗಳಿಗೆ ತೂಪಿನಾಂಬಿಸ್ ಎಂಬ ಹೆಸರನ್ನು ಕೈಬಿಟ್ಟು ಅರಬರ ವರನ್ ಅನ್ನು ತೆಗೆದುಕೊಂಡ, ಲ್ಯಾಟಿನ್ ಬಾಲ ಸೇರಿಸಿ ವರಾನಸ್ ಮಾಡಿದ. ಅರಬಿಯ ವಾವ್ ತುಟಿ ದುಂಡಗೆ ಮಾಡಿ ಹೇಳುವ ಅಕ್ಷರ, ಜರ್ಮನ್ ಬಾಯಿಯಲ್ಲಿ ಅದು ಹಲ್ಲು ತುಟಿ ತಾಗಿಸುವ ವ ಆಗುತ್ತದೆ. ಪದದಲ್ಲಿ ಬದಲಾದದ್ದು ಅಷ್ಟೇ.

ಅದೇ 1820ರ ಅದೇ ಪುಸ್ತಕದಲ್ಲಿ ಮೆರೆಮ್ ಇನ್ನೊಂದು ಕುಲಕ್ಕೂ ಹೆಸರಿಟ್ಟ: ಯೂರೊಮಾಸ್ಟಿಕ್ಸ್. ಗ್ರೀಕ್‌ನಲ್ಲಿ ಚಾಟಿಬಾಲ ಎಂದರ್ಥ. ಇದು ಮುಳ್ಳುಬಾಲದ ಹಲ್ಲಿ. ಅರಬಿಯಲ್ಲಿ ಇದಕ್ಕಿರುವ ಹೆಸರು ದಾದ್ ಮತ್ತು ಬಾ ಸೇರಿದ ದಬ್ಬ್. ಅರಬಿಗೆ ದಾದಿನ ಭಾಷೆ ಎಂದೇ ಹೆಸರು ತಂದ ಆ ಕಷ್ಟದ ಅಕ್ಷರ. ನಮ್ಮ ಊರಿನ ಕೊಂಡಿ ಎಂದೆನಲ್ಲ, ಅದು ಇಲ್ಲಿದೆ.

ಉಪ್ಪನ ಅಂಗಡಿಯ ಜಗಲಿಯಲ್ಲಿ ಸಂಜೆ ಕೂರುವವರ ನಡುವೆ ಈ ಮಾತು ಹಲವು ಸಲ ಬಂದಿದೆ: ಉಡ ತಿನ್ನಬಹುದು, ಹದೀಸ್‌ನಲ್ಲೇ ಇದೆ, ಖಾಲಿದ್ ಬಿನ್ ವಲೀದ್ ತಿಂದಿದ್ದಾರೆ. ಅವರು ಹೇಳುವ ಹದೀಸ್ ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇದೆ. ಊಟಕ್ಕೆ ಸುಟ್ಟ ದಬ್ಬ್ ಬಂದಾಗ ಪ್ರವಾದಿಯವರು ಸಲ್ಲಲ್ಲಾಹು ಅಲೈಹಿ ವಸಲ್ಲಮ್ ಕೈ ಹಿಂದೆಗೆದರು, ಹರಾಮೇ ಎಂದು ಕೇಳಿದಾಗ ಅಲ್ಲ ಎಂದರು, ತಮ್ಮ ಜನರ ನಾಡಿನಲ್ಲಿ ಅದು ಇಲ್ಲದ್ದರಿಂದ ಮನಸ್ಸು ಬರುವುದಿಲ್ಲ ಎಂದರು. ಖಾಲಿದ್ ಅದನ್ನು ತಮ್ಮ ಕಡೆಗೆ ಎಳೆದುಕೊಂಡು ತಿಂದರು. ಅಲ್ಲಿರುವ ಪದ ದಬ್ಬ್. ಮಲಯಾಳಂನಲ್ಲಿ ಅದನ್ನು ಉಡುಂಬು ಎಂದೂ ಕನ್ನಡದಲ್ಲಿ ಉಡ ಎಂದೂ ಹಾಕುವುದು ರೂಢಿಯಾಗಿದೆ. ಅನುವಾದ ಮಾಡಿದವರನ್ನು ದೂರಿ ಫಲವಿಲ್ಲ. ದಬ್ಬ್ ನಮ್ಮ ಕರಾವಳಿಯಲ್ಲಿ ಇಲ್ಲ, ಇಲ್ಲದ ಪ್ರಾಣಿಗೆ ನಮ್ಮಲ್ಲಿ ಪದವೂ ಇಲ್ಲ. ಹತ್ತಿರದ್ದೆಂದು ಕಂಡದ್ದನ್ನು ಹಾಕಿದರು. ಆದರೆ ಆ ಒಂದು ಪದದ ಬಲದ ಮೇಲೆ ಜನ ಕತ್ತಿ ಎತ್ತಿಕೊಂಡು ತೋಡಿನ ಬದಿಗೆ ಹೋಗುತ್ತಾರಲ್ಲ, ಅದಕ್ಕಾಗಿ ಇದನ್ನು ಬಿಡಿಸಿ ಹೇಳಬೇಕಾಗಿದೆ.

ನಾನು ದಬ್ಬನ್ನು ನೋಡಿದ್ದೇನೆ. ಡಿಪ್ಲೊಮಾ ಮುಗಿಸಿ ಮೂರು ವರ್ಷ ಸೌದಿಯಲ್ಲಿ ಪಂಪು ದುರಸ್ತಿಯ ಕೆಲಸದಲ್ಲಿದ್ದಾಗ, ಊರಿಂದ ದೂರದ ಒಂದು ಸೈಟಿಗೆ ಹೋಗುವ ದಾರಿಯಲ್ಲಿ ಡ್ರೈವರ್ ಪಿಕಪ್ ನಿಲ್ಲಿಸಿ ತೋರಿಸಿದ. ಗಟ್ಟಿ ನೆಲದಲ್ಲಿ ಒಂದು ಅಡ್ಡ ಬಿಲ, ಅದರ ಬಾಯಲ್ಲಿ ದಪ್ಪಗೆ, ಚಪ್ಪಟೆಯಾಗಿ, ಮಣ್ಣಿನದ್ದೇ ಬಣ್ಣದಲ್ಲಿ ಬಿಸಿಲು ಕಾಯುತ್ತಾ ಕೂತಿತ್ತು. ತಲೆ ಮೊಂಡು, ಕುತ್ತಿಗೆ ಗಿಡ್ಡ. ಬಾಲದ ಮೇಲೆ ಸುತ್ತು ಸುತ್ತಾಗಿ ಮುಳ್ಳು, ಪೈಪಿಗೆ ಥ್ರೆಡ್ ಕೊಯ್ದ ಹಾಗೆ. ಹತ್ತಿರ ಹೋದಾಗ ತಲೆ ಒಳಗೆ ಹಾಕಿ ಮುಳ್ಳುಬಾಲವನ್ನು ಬಾಗಿಲಿಗೆ ಅಡ್ಡ ಇಟ್ಟಿತು. ಎಲೆ, ಹೂವು, ಬೀಜ ತಿಂದು ಬದುಕುವ ಪ್ರಾಣಿ. ನಮ್ಮ ಉಡವೋ ಉದ್ದ ಕುತ್ತಿಗೆ, ಹಾವಿನಂತೆ ಎರಡಾಗಿ ಸೀಳಿದ ನಾಲಗೆ, ಮುಳ್ಳಿಲ್ಲದ ಚಾಟಿಯಂಥ ಬಾಲ. ಒಂದೂಮುಕ್ಕಾಲು ಮೀಟರ್‌ವರೆಗೆ ಬೆಳೆಯಬಲ್ಲದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಹುಳ, ಏಡಿ, ಕಪ್ಪೆ, ಮೊಟ್ಟೆ, ಸತ್ತದ್ದು, ಏನು ಸಿಕ್ಕಿದರೂ ತಿನ್ನುತ್ತದೆ. ಇವೆರಡು ಬೇರೆ ಕುಲ ಮಾತ್ರವಲ್ಲ, ಬೇರೆ ಕುಟುಂಬ. ದಬ್ಬಿಗೆ ಹತ್ತಿರದ ನೆಂಟ ನಮ್ಮ ಬೇಲಿಯ ಮೇಲೆ ತಲೆ ಅಲ್ಲಾಡಿಸುವ ಓತಿಕ್ಯಾತ, ಉಡವಲ್ಲ.

ಅರಬರು ಇದರಲ್ಲಿ ಎಂದೂ ಗೊಂದಲ ಮಾಡಿಕೊಂಡವರಲ್ಲ. ಹದಿನಾಲ್ಕನೆಯ ಶತಮಾನದ ಈಜಿಪ್ಟಿನ ವಿದ್ವಾಂಸ ದಮೀರಿ, ಶಾಫಿಈ ಮದ್‌ಹಬಿನವರು, ಪ್ರಾಣಿಗಳ ಬಗ್ಗೆ ಅಕ್ಷರಾನುಕ್ರಮದಲ್ಲಿ ಬರೆದ ಹಯಾತುಲ್ ಹಯವಾನ್ ಎಂಬ ದೊಡ್ಡ ಗ್ರಂಥದಲ್ಲಿ ದಬ್ಬ್ ಒಂದು ಕಡೆ, ವರಲ್ ಇನ್ನೊಂದು ಕಡೆ. ಹಳೆಯ ಅರಬಿ ಮಾತಿನಲ್ಲಿ ದಬ್ಬ್ ಗಟ್ಟಿ ನೆಲವನ್ನು ತಾನೇ ಕೊರೆದು ಮನೆ ಮಾಡುವುದು, ವರಲ್ ಬೇರೆಯವರ ಬಿಲಕ್ಕೆ ನುಗ್ಗಿ ಒಡೆಯನನ್ನು ಓಡಿಸುವುದು. ಅನ್ಯಾಯ ಮಾಡುವವನನ್ನು ವರಲ್‌ಗೆ ಹೋಲಿಸುವ ಗಾದೆಯೇ ಇದೆ. ಹದೀಸ್‌ನಲ್ಲಿ ದಬ್ಬಿನ ಬಿಲದ ಹೋಲಿಕೆ ಬರುವಲ್ಲಿ ನಾವು ಉಡದ ಬಿಲ ಎಂದು ಓದಿದರೆ ಆ ಹೋಲಿಕೆಯ ಅರ್ಧ ರುಚಿ ಹೋಯಿತು. ವರಲ್ ತಿನ್ನುವುದರ ಹುಕುಂ ಏನು ಎಂದು ಕೇಳಬೇಕಾದವರು ಉಸ್ತಾದರನ್ನು ಕೇಳಬೇಕು, ಡಿಪ್ಲೊಮಾದವನನ್ನಲ್ಲ. ಆದರೆ ಕೇಳುವಾಗ ಪ್ರಾಣಿಯ ಹೆಸರು ಸರಿಯಾಗಿ ಹೇಳಿ ಕೇಳಬೇಕು.

ದಬ್ಬನ್ನು ಯುರೋಪಿನ ಪುಸ್ತಕಕ್ಕೆ ತಂದವನ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪೀಟರ್ ಫೋರ್ಸ್ಕಾಲ್ ಲಿನ್ನೇಯಸ್‌ನ ಶಿಷ್ಯ. ಡೆನ್ಮಾರ್ಕಿನ ದೊರೆ ಅರೇಬಿಯಾಕ್ಕೆ ಕಳಿಸಿದ ತಂಡದಲ್ಲಿ ಈಜಿಪ್ಟ್ ದಾಟಿ ಯಮನ್‌ಗೆ ಹೋದ. ಅರಬಿ ಕಲಿತ, ಗಿಡ ಮತ್ತು ಪ್ರಾಣಿಗಳ ಹೆಸರನ್ನು ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಂಡ. 1763ರಲ್ಲಿ ಯಮನ್‌ನಲ್ಲೇ ಮಲೇರಿಯಾದಿಂದ ಸತ್ತ. ತಂಡದಲ್ಲಿ ಬದುಕಿ ಮರಳಿದವನು ಕಾರ್ಸ್ಟನ್ ನೀಬುರ್ ಒಬ್ಬನೇ. ಅವನು ಗೆಳೆಯನ ಟಿಪ್ಪಣಿಗಳನ್ನು 1775ರಲ್ಲಿ ಅಚ್ಚು ಹಾಕಿಸಿದ. ಈಜಿಪ್ಟಿನ ದಬ್ಬಿಗೆ ಇಂದಿಗೂ ಇರುವ ಈಜಿಪ್ಟಿಯಾ ಎಂಬ ಹೆಸರು ಆ ಪುಸ್ತಕದ್ದು. ಕುಲದ ಹೆಸರಿನ ಸರದಿ ಬಂದಾಗ ಮೆರೆಮ್ ವರಲ್‌ಗೆ ಅರಬಿ ಪದವನ್ನು ಉಳಿಸಿದ, ದಬ್ಬಿಗೆ ಗ್ರೀಕ್ ಕೊಟ್ಟ. ಹಾಗಾಗದೆ ಇದ್ದಿದ್ದರೆ ಎರಡೂ ಪದಗಳು ಪಕ್ಕಪಕ್ಕದಲ್ಲಿ ಇರುತ್ತಿದ್ದವು, ನಮಗೆ ವಿಷಯ ಸ್ವಲ್ಪ ಸುಲಭವಾಗುತ್ತಿತ್ತು.

ಭಾರತದಲ್ಲಿ ದಬ್ಬಿನ ನೆಂಟ ಇದೆ, ಕಛ್ ಮತ್ತು ಥಾರ್ ಮರುಭೂಮಿಯ ಕಡೆ. ಹಿಂದಿಯಲ್ಲಿ ಸಾಂಡಾ. ರಸ್ತೆ ಬದಿಯಲ್ಲಿ ಸಾಂಡೆ ಕಾ ತೇಲ್ ಎಂದು ಬಾಟಲಿ ಇಟ್ಟುಕೊಂಡು ಕೂರುವವರ ಎಣ್ಣೆ ಇದರದ್ದು. ಲಂಡನ್ನಿನ ಗ್ರೇ ಎಂಬವನು 1827ರಲ್ಲಿ ಇದಕ್ಕೆ ಜನರಲ್ ಹಾರ್ಡ್‌ವಿಕ್‌ನ ಹೆಸರು ಕೊಟ್ಟು ಯೂರೊಮಾಸ್ಟಿಕ್ಸ್ ಕುಲದಲ್ಲಿ ಇಟ್ಟ. 2009ರಲ್ಲಿ ಅದನ್ನೂ ಇರಾನ್ ಕಡೆಯ ಅದರ ಬಳಗವನ್ನೂ ಬೇರ್ಪಡಿಸಿ ಸಾರಾ ಎಂಬ ಕುಲಕ್ಕೆ ಹಾಕಿದ್ದಾರೆ. ಸಾರಾ ಎಂಬುದೂ ಗ್ರೇ 1845ರಲ್ಲಿ ಇಟ್ಟು, ಯಾರೂ ಬಳಸದೆ ಮೂಲೆಗೆ ಬಿದ್ದಿದ್ದ ಹೆಸರು. ಹೆಸರಿಡುವ ಲೋಕದಲ್ಲಿ ಹಳೆಯ ಸ್ಟಾಕ್ ಹಾಳಾಗುವುದಿಲ್ಲ, ಗೋಡೌನ್‌ನಿಂದ ತೆಗೆದು ಮತ್ತೆ ಮುಂದಿಡಬಹುದು.

ಬ್ರಿಟಿಷರು ಇದಕ್ಕೆ ಇನ್ನೊಂದು ಗೊಂದಲ ಸೇರಿಸಿದರು. ಅವರ ಬಾಯಲ್ಲಿ ಉಡ ಗುವಾನಾ ಆಯಿತು, ಇಗುವಾನಾ ಆಯಿತು. ಹಳೆಯ ನಿಘಂಟುಗಳಲ್ಲಿ ಉಡಕ್ಕೆ ಇಗುವಾನಾ ಎಂಬ ಅರ್ಥ ಕಾಣುವುದು ಹಾಗೆ. ನಿಜವಾದ ಇಗುವಾನಾ ಅಮೆರಿಕ ಖಂಡದ್ದು, ಪದ ಕೆರಿಬಿಯನ್ ದ್ವೀಪಗಳ ತಾಯಿನೋ ಜನರದ್ದು. ಭಾರತದ ಕಾಡಿನಲ್ಲಿ ಇಗುವಾನಾ ಒಂದೂ ಇಲ್ಲ. ಅದೇ ಪದ ಆಸ್ಟ್ರೇಲಿಯಾಕ್ಕೆ ಹೋಗಿ ಗೊಯಾನಾ ಆಯಿತು, ಅಲ್ಲಿನವರು ಈಗಲೂ ತಮ್ಮ ಉಡಗಳನ್ನು ಗೊಯಾನಾ ಎಂದೇ ಕರೆಯುತ್ತಾರೆ.

ಕುಲದ ಹೆಸರು ನೆಲೆನಿಂತ ಮೇಲೂ ನಮ್ಮ ಉಡದ ಎರಡನೆಯ ಹೆಸರು ಅಲುಗಾಡುತ್ತಲೇ ಇತ್ತು. ಮೊದಲು ಇಟ್ಟ ಹೆಸರಿಗೆ ಹಕ್ಕು ಎಂಬುದು ನಿಯಮ. ಬ್ರಿಟಿಷ್ ಇಂಡಿಯಾದ ಸರೀಸೃಪಗಳ ಬಗ್ಗೆ ಮಾಲ್ಕಮ್ ಸ್ಮಿತ್ 1935ರಲ್ಲಿ ಬರೆದ ಪುಸ್ತಕದಲ್ಲಿ, ಲಿನ್ನೇಯಸ್‌ನ ಮಾನಿಟರ್ ಎಂಬುದೇ ಹಳೆಯದು ಎಂಬ ಲೆಕ್ಕದಲ್ಲಿ ನಮ್ಮ ಉಡ ವರಾನಸ್ ಮಾನಿಟರ್ ಆಗಿದೆ. ಅದಕ್ಕೂ ಮೊದಲು ಬೂಲಾಂಜೆ ಬೆಂಗಾಲೆನ್ಸಿಸ್ ಎಂದೇ ಬರೆದಿದ್ದ. ಲಿನ್ನೇಯಸ್ ಮಾನಿಟರ್ ಎಂದದ್ದು ಯಾವ ಪ್ರಾಣಿಗೆ ಎಂಬುದರಲ್ಲೇ ಒಮ್ಮತವಿರಲಿಲ್ಲ, ಒಂದೇ ಹೆಸರನ್ನು ಒಬ್ಬೊಬ್ಬರು ಒಂದೊಂದು ಉಡಕ್ಕೆ ಹಾಕುತ್ತಿದ್ದರು. ಕೊನೆಗೆ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ 1959ರಲ್ಲಿ ತನ್ನ ವಿಶೇಷ ಅಧಿಕಾರ ಬಳಸಿ ದೋದೆಂ ಇಟ್ಟ ಬೆಂಗಾಲೆನ್ಸಿಸ್ ಅನ್ನು ಕಾಪಾಡಿತು. ಹಳೆಯ ಪುಸ್ತಕದಲ್ಲಿ ವರಾನಸ್ ಮಾನಿಟರ್ ಎಂದು ಕಂಡರೆ ಅದು ಬೇರೆ ಪ್ರಾಣಿಯಲ್ಲ, ನಮ್ಮದೇ.

ಈ ಹೆಸರುಗಳ ಜಗಳ ಪಂಡಿತರ ಹೊತ್ತು ಕಳೆಯುವ ಕೆಲಸವೆಂದು ಅನ್ನಿಸಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ನು ತೆರೆದರೆ ಹಾಗಲ್ಲ ಎಂದು ತಿಳಿಯುತ್ತದೆ. ಭಾರತದಲ್ಲಿ ಇರುವ ನಾಲ್ಕು ಉಡಗಳು, ಅಂದರೆ ನಮ್ಮದು, ನೀರುಡ, ಹಳದಿ ಉಡ, ಮರಳುಗಾಡಿನ ಉಡ, ನಾಲ್ಕೂ ಹುಲಿ ಆನೆಗಳ ಜೊತೆ ಒಂದನೆಯ ಅನುಸೂಚಿಯಲ್ಲಿವೆ, ವರಾನಸ್ ಎಂಬ ಹೆಸರಿನಲ್ಲೇ. ಕೊಂದರೆ, ಮಾರಿದರೆ, ಮಾಂಸ ಇಟ್ಟುಕೊಂಡರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ಮೇಲೆ ದಂಡ ಕನಿಷ್ಠ 25,000 ರೂಪಾಯಿ. ಗಡಿಯ ಆಚೆ ಕರ್ನಾಟಕ, ಈಚೆ ಕೇರಳ, ಎರಡೂ ಕಡೆ ಕಾನೂನು ಒಂದೇ. ಹದೀಸ್‌ನಲ್ಲಿ ಉಡ ಎಂದಿದೆ ಎಂಬ ವಾದ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಕಿತಾಬಿನಲ್ಲೂ ನಿಲ್ಲುವುದಿಲ್ಲ, ಅಲ್ಲಿರುವುದು ದಬ್ಬ್ ತಾನೇ. ಮಾಂಸಕ್ಕಷ್ಟೇ ಅಲ್ಲ, ಹಿಂದೆ ಚರ್ಮಕ್ಕಾಗಿಯೂ ಇದನ್ನು ಹಿಡಿಯುತ್ತಿದ್ದರು. ಕರ್ನಾಟಕ ಸಂಗೀತದ ಖಂಜೀರಕ್ಕೆ ಕಟ್ಟುತ್ತಿದ್ದುದು ಉಡದ ಚರ್ಮ. ನಮ್ಮ ದಫ್‌ಗೆ ಆಡಿನ ಚರ್ಮ, ಅಷ್ಟು ಸಮಾಧಾನ. ಇತ್ತೀಚಿನ ಮೋಸ ಹತ್ತಾ ಜೋಡಿಯದ್ದು. ಎರಡು ಕೈ ಮುಗಿದ ಹಾಗೆ ಕಾಣುವ ಅಪರೂಪದ ಬೇರು, ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಎಂದು ಹೇಳಿ ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದರು. ಅದು ಬೇರಲ್ಲ, ಗಂಡು ಉಡದ ಒಣಗಿಸಿದ ಜನನಾಂಗ.

ವಿಚಿತ್ರವೆಂದರೆ ಉಡಗಳ ಒಳ ವಿಂಗಡಣೆಗೆ ವಿಜ್ಞಾನಿಗಳು ಬಹಳ ನೆಚ್ಚಿಕೊಂಡದ್ದೂ ಆ ಅಂಗದ ರಚನೆಯನ್ನೇ. ಅದಕ್ಕೆ ಮೊದಲು ಫ್ರಾಂಕ್‌ಫರ್ಟಿನ ರಾಬರ್ಟ್ ಮೆರ್ಟೆನ್ಸ್ ಯುದ್ಧದ ನಡುವೆ, 1942ರಲ್ಲಿ, ಇಡೀ ಕುಟುಂಬವನ್ನು ತಲೆಬುರುಡೆ, ಹುರುಪೆ, ಮೂಗಿನ ಹೊಳ್ಳೆಯ ಜಾಗ ಎಲ್ಲ ಅಳೆದು ನೋಡಿ ಮೂರು ಭಾಗದ ಗ್ರಂಥ ಬರೆದಿದ್ದ. ಕುಲ ಒಂದೇ, ಒಳಗೆ ಉಪಕುಲಗಳು ಎಂಬ ಅವನ ಚೌಕಟ್ಟೇ ಇವತ್ತಿಗೂ ಬುನಾದಿ. (ಅವನು 1975ರಲ್ಲಿ ಸತ್ತದ್ದು ತಾನೇ ಸಾಕಿದ ಹಾವು ಕಚ್ಚಿ.) ಆಮೇಲೆ ವರ್ಣತಂತು ಎಣಿಸಿದರು, ಶ್ವಾಸಕೋಶ ಕೊಯ್ದು ನೋಡಿದರು. 2001ರ ಹೊತ್ತಿಗೆ ಡಿಎನ್‌ಎ ಹೋಲಿಕೆಯಿಂದ ಮೂರು ದೊಡ್ಡ ಕವಲುಗಳು ಕಂಡವು. ಒಂದು ಆಫ್ರಿಕಾದ್ದು, ಅದರಲ್ಲೇ ಅರೇಬಿಯಾದಿಂದ ರಾಜಸ್ಥಾನದವರೆಗೆ ಇರುವ ಮರಳುಗಾಡಿನ ವರಲ್ ಕೂಡ. ಇನ್ನೊಂದು ಭಾರತ ಮತ್ತು ಆಗ್ನೇಯ ಏಷ್ಯಾದ್ದು, ನಮ್ಮ ಉಡ ಇರುವುದು ಅಲ್ಲಿ. ಮೂರನೆಯದು ಆಸ್ಟ್ರೇಲಿಯಾ ಕಡೆಯದ್ದು, ಕೊಮೊಡೊ ದ್ವೀಪದ ದೈತ್ಯನೂ ಅದರ ಒಳಗೆ.

ಕುಲದ ಹೆಸರಿಗೆ ಒಂದು ಮಾದರಿ ಪ್ರಭೇದ ಇರಬೇಕೆಂಬುದು ನಿಯಮ. ವರ್ಕ್‌ಶಾಪಿನಲ್ಲಿ ಮಾಸ್ಟರ್ ಗೇಜ್ ಇದ್ದ ಹಾಗೆ. ಕುಲ ಒಡೆದರೆ ಹಳೆಯ ಹೆಸರು ಮಾದರಿ ಎತ್ತ ಹೋಗುತ್ತದೋ ಅತ್ತ ಹೋಗುತ್ತದೆ. ವರಾನಸ್‌ನ ಮಾದರಿ ನೈಲ್‌ನ ಉಡವಲ್ಲ, ಮರುಭೂಮಿಯದ್ದೂ ಅಲ್ಲ. ಅದು ವರಾನಸ್ ವೇರಿಯಸ್, ಆಸ್ಟ್ರೇಲಿಯಾದ ಮರ ಹತ್ತುವ ಗೊಯಾನಾ. ಸಿಡ್ನಿಗೆ ಹೋದ ಮೊದಲ ಇಂಗ್ಲಿಷ್ ಹಡಗುಗಳ ವೈದ್ಯ ಜಾನ್ ವೈಟ್‌ನ 1790ರ ಪುಸ್ತಕದಲ್ಲಿ ಹೆಸರು ಪಡೆದ ಪ್ರಾಣಿ. ಆದ್ದರಿಂದ ಈ ಕವಲುಗಳನ್ನು ಬೇರೆ ಬೇರೆ ಕುಲ ಮಾಡಿದರೆ ಅರಬಿ ಪದ ಅರಬರು ಎಂದೂ ನೋಡದ ಪ್ರಾಣಿಯ ಜೊತೆ ಆಸ್ಟ್ರೇಲಿಯಾದಲ್ಲಿ ಉಳಿಯುತ್ತದೆ. ನಮ್ಮ ಉಡಕ್ಕೆ ಗ್ರೇ 1838ರಲ್ಲಿ ಇಟ್ಟ ಎಂಪಗೂಸಿಯಾ ಎಂಬ ಹೆಸರು ಬರುತ್ತದೆ. ನೈಲ್‌ನ ವರನ್ ಅಲ್-ಬಹ್ರ್ ಪಾಲಿಡೀಡಲಸ್ ಆಗುತ್ತದೆ, ವರನ್ ಅಲ್-ಅರ್ದ್ ಸಮೋಸಾರಸ್ ಆಗುತ್ತದೆ. ಈಗ ಇವೆಲ್ಲ ಉಪಕುಲದ ಹೆಸರುಗಳಷ್ಟೇ. ಒಡೆಯಬೇಕೆಂದು ಹೊರಟವರು ಆಗಾಗ ಬಂದಿದ್ದಾರೆ, ಹೆಚ್ಚಿನವರು ಒಪ್ಪಿಲ್ಲ. 80ಕ್ಕೂ ಹೆಚ್ಚು ಪ್ರಭೇದಗಳು ಸದ್ಯಕ್ಕೆ ಮೆರೆಮ್‌ನ ಆ ಒಂದೇ ಹೆಸರಿನ ಕೆಳಗೆ ಇವೆ, ನಮ್ಮ ಪಾಗಾರದ ಸಂದಿಯದ್ದೂ ಸೇರಿ.